ಕೊಯಮತ್ತೂರಿನಿಂದ ಫಾರ್ಮುಲಾ ಒನ್‌ವರೆಗೆ: ನರೇನ್ ಕಾರ್ತಿಕೇಯನ್ ಅವರ ಏಳುಬೀಳುಗಳ ಚರಿತ್ರೆ

ಕೊಯಮತ್ತೂರಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗಿರಣಿಗಳಿಂದ ಆರಂಭಿಸುತ್ತಾರೆ. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಕಟ್ಟಿಸಿದ ನೂಲಿನ ಗಿರಣಿ, 1930ರ ದಶಕದಲ್ಲಿ ನೀಲಗಿರಿಯ ಪೈಕಾರಾದಿಂದ ವಿದ್ಯುತ್ತು ಇಳಿದು ಬಂದ ಮೇಲೆ ಅವಿನಾಶಿ ರಸ್ತೆಯ ಇಕ್ಕೆಲಗಳಲ್ಲೂ ಎದ್ದು ನಿಂತ ಹತ್ತಿ ಗಿರಣಿಗಳು, ಅವುಗಳ ಬೆನ್ನಿಗೆ ಹುಟ್ಟಿಕೊಂಡ ಎರಕದ ಕಾರ್ಖಾನೆಗಳು, ಪಂಪುಸೆಟ್ಟು, ಗ್ರೈಂಡರು, ಅತ್ತ ತಿರುಪ್ಪೂರಿನಲ್ಲಿ ಬೆಳೆದ ಬನಿಯನ್ ಉದ್ಯಮ, ಇವು ಈ ಸೀಮೆಯ ಚರಿತ್ರೆಯ ಪರಿಚಿತ ಅಧ್ಯಾಯಗಳು. ಮೈಸೂರು ಸೀಮೆಯಿಂದ ಘಟ್ಟವಿಳಿದು ಬಂದು ಇಲ್ಲಿ ಮಗ್ಗ ಹೂಡಿದ ಕನ್ನಡ ಮನೆತನಗಳ ಕಥೆಯೂ ಇದೇ ಚರಿತ್ರೆಯೊಳಗೆ ಸೇರಿಕೊಂಡಿದೆ. ಆದರೆ ಇದೇ ನೆಲದಲ್ಲಿ, ಇದೇ ಲೇತು, ಎರಕ, ಎಂಜಿನ್ನುಗಳ ವಾತಾವರಣದಲ್ಲಿ ಇನ್ನೊಂದು ಪರಂಪರೆಯೂ ಬೆಳೆಯಿತು. ಅದು ಮೋಟಾರು ಓಟದ ಪರಂಪರೆ. ಆ ಪರಂಪರೆಯಿಂದ ಹೊರಟು ಜಗತ್ತಿನ ಅತ್ಯುನ್ನತ ಕಾರು ಓಟವಾದ ಫಾರ್ಮುಲಾ ಒನ್‌ ಅನ್ನು ಮುಟ್ಟಿದ ಮೊದಲ ಭಾರತೀಯರು ನರೇನ್ ಕಾರ್ತಿಕೇಯನ್.

ಅವರ ಹೆಸರನ್ನು ಕೇಳದವರು ನಮ್ಮ ಊರಿನಲ್ಲಿ ವಿರಳ. ಆದರೆ ಅವರ ವೃತ್ತಿಜೀವನದ ಬಗ್ಗೆ ಎರಡು ಬಗೆಯ ಮಾತುಗಳು ಚಲಾವಣೆಯಲ್ಲಿವೆ. ಒಂದು, ಬರಿಯ ಹೆಮ್ಮೆಯ ಮಾತು: ನಮ್ಮೂರ ಹುಡುಗ ಜಗತ್ತನ್ನು ಗೆದ್ದ ಎಂಬುದು. ಇನ್ನೊಂದು, ಬರಿಯ ತಾತ್ಸಾರದ ಮಾತು: ಅಷ್ಟು ವರ್ಷ ಓಡಿಸಿ ಗಳಿಸಿದ್ದಾದರೂ ಏನು, ಐದು ಅಂಕಗಳು ತಾನೆ ಎಂಬುದು. ಎರಡೂ ಚರಿತ್ರೆಯಲ್ಲ. ಅವರಿಗೆ ಎದುರಾದ ಹಿನ್ನಡೆಗಳು ಯಾವುವು, ತಿರುವುಗಳು ಯಾವುವು, ಅವುಗಳಲ್ಲಿ ಅವರ ಕೈಯಲ್ಲಿದ್ದುದೆಷ್ಟು, ಕೈಮೀರಿದುದೆಷ್ಟು ಎಂಬುದನ್ನು ಕ್ರಮವಾಗಿ ನೋಡಿದಾಗ ಮಾತ್ರ ಈ ಜೀವನದ ತೂಕ ತಿಳಿಯುತ್ತದೆ. ಈ ಲೇಖನದ ಉದ್ದೇಶ ಅಷ್ಟೇ.

ಹಿನ್ನೆಲೆ: ಯಂತ್ರಗಳ ಊರು

ಕೊಯಮತ್ತೂರಿನವರಿಗೆ ಯಂತ್ರವೆಂದರೆ ಪರಕೀಯ ವಸ್ತುವಲ್ಲ. ಜಿ.ಡಿ. ನಾಯ್ಡು ಅವರು ಒಂದು ಬಸ್ಸಿನಿಂದ ಆರಂಭಿಸಿ ದೊಡ್ಡ ಸಾರಿಗೆ ಸಂಸ್ಥೆಯನ್ನು ಕಟ್ಟಿದ್ದು, 1937ರಲ್ಲಿ ಬಾಲಸುಂದರಂ ನಾಯ್ಡು ಅವರೊಡನೆ ಇಲ್ಲಿಯೇ ವಿದ್ಯುತ್ ಮೋಟಾರನ್ನು ತಯಾರಿಸಿದ್ದು ಎಲ್ಲರೂ ಬಲ್ಲ ಸಂಗತಿ. ಕೆಟ್ಟ ಯಂತ್ರವನ್ನು ಬಿಚ್ಚಿ ನೋಡುವುದು, ಹೊರಗಿನಿಂದ ತರಿಸುವ ಬದಲು ಇಲ್ಲಿಯೇ ಮಾಡಿ ನೋಡುವುದು, ಇದು ಈ ಊರಿನ ಸ್ವಭಾವವೇ ಆಗಿಹೋಯಿತು.

ಆ ಸ್ವಭಾವ ಓಟದ ಅಂಗಳಕ್ಕೆ ಹೊಕ್ಕದ್ದು ಎಸ್. ಕರಿವರ್ಧನ್ ಅವರ ಮೂಲಕ. ಗಿರಣಿ ಮಾಲೀಕರ ಮನೆತನದಲ್ಲಿ ಹುಟ್ಟಿದ ಅವರು ಕೊಯಮತ್ತೂರಿನಲ್ಲಿಯೇ ಓಟದ ಕಾರುಗಳನ್ನು ರೂಪಿಸಿ ಕಟ್ಟಿದರು. ಆ ಕಾಲದಲ್ಲಿ ಮದ್ರಾಸಿನ ಸಮೀಪದ ಶೋಲಾವರಂ ಎಂಬಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ ಕಾರು ಮತ್ತು ಮೋಟಾರ್‌ಸೈಕಲ್ ಓಟಗಳು ನಡೆಯುತ್ತಿದ್ದವು. ವಿದೇಶದಿಂದ ಕಾರು ತರಿಸಿಕೊಳ್ಳಬಲ್ಲ ಕೆಲವೇ ಸಿರಿವಂತರ ಆಟವಾಗಿ ಅದು ಉಳಿದಿತ್ತು. ಕರಿವರ್ಧನ್ ಅವರು ಮಾರುತಿ ಕಾರಿನ ಎಂಜಿನ್ನನ್ನು ಬಳಸಿ, ಒಬ್ಬರೇ ಕುಳಿತು ಓಡಿಸುವ ಸರಳವಾದ ಓಟದ ಕಾರನ್ನು ಕಟ್ಟಿದರು. ಅದೇ ಫಾರ್ಮುಲಾ ಮಾರುತಿ. ಕಡಿಮೆ ಖರ್ಚಿನಲ್ಲಿ, ಎಲ್ಲರೂ ಸಮಾನವಾದ ಕಾರಿನಲ್ಲಿ ಸ್ಪರ್ಧಿಸುವ ಅವಕಾಶ ಭಾರತದ ತರುಣರಿಗೆ ಅದರಿಂದ ದೊರೆಯಿತು. ಈ ಒಂದು ಕಾರು ಇಲ್ಲದಿದ್ದರೆ ಮುಂದಿನ ಕಥೆಯೇ ಇಲ್ಲ.

ನರೇನ್ ಹುಟ್ಟಿದ್ದು 1977ರ ಜನವರಿ 14ರಂದು, ಸಂಕ್ರಾಂತಿಯ ಹೊತ್ತಿನಲ್ಲಿ. ತಂದೆ ಜಿ.ಆರ್. ಕಾರ್ತಿಕೇಯನ್ ಅವರು ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್ ಆಗಿದ್ದವರು; ದಕ್ಷಿಣ ಭಾರತ ರ‍್ಯಾಲಿಯನ್ನು ಏಳು ಬಾರಿ ಗೆದ್ದವರು. ಮಗನಿಗೆ ವೇಗದ ಹುಚ್ಚು ಮನೆಯಿಂದಲೇ ಬಂದಿತು. ಆದರೆ ತಂದೆಯ ರ‍್ಯಾಲಿಗೂ ಮಗನ ಕನಸಿಗೂ ಅಂತರವಿತ್ತು. ರ‍್ಯಾಲಿ ನಮ್ಮ ರಸ್ತೆಗಳ ಮೇಲೆ ನಡೆಯುವ ಸ್ಪರ್ಧೆ. ಮಗನಿಗೆ ಬೇಕಾಗಿದ್ದುದು ಫಾರ್ಮುಲಾ ಒನ್. ಅಲ್ಲಿಗೆ ಭಾರತದಿಂದ ಯಾವ ದಾರಿಯೂ ಇರಲಿಲ್ಲ.

ದಾರಿಯಿಲ್ಲದ ಕಡೆ ಮೊದಲ ಹೆಜ್ಜೆ

ಶ್ರೀಪೆರುಂಬುದೂರಿನ ಬಳಿಯ ಓಟಪಥದಲ್ಲಿ ಫಾರ್ಮುಲಾ ಮಾರುತಿ ಕಾರಿನಲ್ಲಿ ನಡೆಸಿದ ಮೊದಲ ಓಟದಲ್ಲಿಯೇ ನರೇನ್ ಮೊದಲ ಮೂವರಲ್ಲಿ ಒಬ್ಬರಾದರು. 1992ರಲ್ಲಿ, ಹದಿನೈದರ ಹರೆಯದಲ್ಲಿ, ಫ್ರಾನ್ಸಿನ ವಿನ್‌ಫೀಲ್ಡ್ ಓಟದ ಶಾಲೆಗೆ ಹೋಗಿ ಅಲ್ಲಿನ ಸ್ಪರ್ಧೆಯಲ್ಲಿ ಸೆಮಿಫೈನಲ್‌ವರೆಗೆ ತಲುಪಿದರು. 1993ರಲ್ಲಿ ಭಾರತದಲ್ಲಿಯೂ ಬ್ರಿಟನ್ನಿನಲ್ಲಿಯೂ ಸ್ಪರ್ಧಿಸಿದರು. 1994ರಲ್ಲಿ ಬ್ರಿಟಿಷ್ ಫಾರ್ಮುಲಾ ಫೋರ್ಡ್ ಚಳಿಗಾಲದ ಸರಣಿಯನ್ನು ಗೆದ್ದು, ಯೂರೋಪಿನಲ್ಲಿ ಓಟದ ಚಾಂಪಿಯನ್‌ಪಟ್ಟ ಪಡೆದ ಮೊದಲ ಭಾರತೀಯರೆನಿಸಿದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬ್ಯಾಸ್ಕೆಟ್‌ಬಾಲ್‌ನಂತಹ ಆಟಕ್ಕೆ ಒಂದು ಅಂಗಳ, ಒಂದು ಚೆಂಡು, ಹತ್ತು ಮಂದಿ ಗೆಳೆಯರು ಸಾಕು. ನಮ್ಮ ಊರಿನ ಶಾಲೆ ಕಾಲೇಜುಗಳ ಅಂಗಳಗಳಲ್ಲಿ ಆ ಆಟ ಹುಲುಸಾಗಿ ಬೆಳೆದುದಕ್ಕೆ ಅದೂ ಒಂದು ಕಾರಣ. ಕಾರು ಓಟದಲ್ಲಿ ಹಾಗಲ್ಲ. ಪ್ರತಿಯೊಂದು ಅಭ್ಯಾಸಕ್ಕೂ ಕಾರು, ಟೈರು, ಇಂಧನ, ಮೆಕ್ಯಾನಿಕ್ಕುಗಳ ತಂಡ ಬೇಕು. ಪ್ರತಿ ವರ್ಷವೂ ತಂಡದಲ್ಲಿ ಒಂದು ಆಸನ ಸಿಗಬೇಕಾದರೆ ಪ್ರತಿಭೆಯ ಜೊತೆಗೆ ಹಣದ ಚೀಲವೂ ಕೈಯಲ್ಲಿರಬೇಕು. ಯೂರೋಪಿನ ಹುಡುಗರು ಎಂಟು ಹತ್ತರ ವಯಸ್ಸಿಗೇ ಕಾರ್ಟ್ ಎಂಬ ಪುಟ್ಟ ಓಟದ ಬಂಡಿಗಳಲ್ಲಿ ಪಳಗುತ್ತಾರೆ; ಅವರ ಹಿಂದೆ ಕಾರು ಕಂಪನಿಗಳು ನಿಂತಿರುತ್ತವೆ. ಭಾರತದಲ್ಲಿ ಆಗ ಅಂತಹ ಏಣಿಯೇ ಇರಲಿಲ್ಲ. ಆದ್ದರಿಂದ ನರೇನ್ ಅವರ ವೃತ್ತಿಜೀವನದ ಎಲ್ಲ ಹಿನ್ನಡೆಗಳ ಬೇರಿನಲ್ಲೂ ಹಣದ ಪ್ರಶ್ನೆ ಅಡಗಿದೆ.

1995ರಲ್ಲಿ ಅವರು ಏಷ್ಯಾದ ಸರಣಿಗೆ ಬಂದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆ ವರ್ಷ ಫಾರ್ಮುಲಾ ಏಷ್ಯಾದಲ್ಲಿ ನಾಲ್ಕು ಓಟಗಳಲ್ಲಿ ಮಾತ್ರ ಭಾಗವಹಿಸಿದರೂ ಮಲೇಷ್ಯಾದ ಶಾ ಆಲಂನಲ್ಲಿ ಎರಡನೆಯವರಾದರು. ಅದೇ ವರ್ಷ ಕರಿವರ್ಧನ್ ಅವರು ಹಾರಾಟದ ಅವಘಡವೊಂದರಲ್ಲಿ ತೀರಿಕೊಂಡರು. ಮರುವರ್ಷ, 1996ರಲ್ಲಿ, ನರೇನ್ ಇಡೀ ಸರಣಿಯಲ್ಲಿ ಸ್ಪರ್ಧಿಸಿ ಫಾರ್ಮುಲಾ ಏಷ್ಯಾ ಅಂತರರಾಷ್ಟ್ರೀಯ ಚಾಂಪಿಯನ್ ಆದರು. ಆ ಪಟ್ಟ ಗೆದ್ದ ಮೊದಲ ಭಾರತೀಯರಷ್ಟೇ ಅಲ್ಲ, ಮೊದಲ ಏಷ್ಯನ್ನರೂ ಅವರೇ. ತಾವು ಕಟ್ಟಿದ ಕಾರಿನಲ್ಲಿ ಅಕ್ಷರಾಭ್ಯಾಸ ಮಾಡಿದ ಹುಡುಗನ ಈ ಗೆಲುವನ್ನು ಕರಿವರ್ಧನ್ ಕಾಣಲಿಲ್ಲ. ಇಂದು ಕೊಯಮತ್ತೂರಿನ ಚೆಟ್ಟಿಪಾಳಯದಲ್ಲಿ 2003ರಿಂದ ಇರುವ ಓಟಪಥಕ್ಕೆ ‘ಕರಿ ಮೋಟಾರ್ ಸ್ಪೀಡ್‌ವೇ’ ಎಂದು ಅವರ ಹೆಸರನ್ನೇ ಇಡಲಾಗಿದೆ.

ಬಾಗಿಲ ಬಳಿಯ ಕಾಯುವಿಕೆ

1998ರಲ್ಲಿ ನರೇನ್ ಬ್ರಿಟಿಷ್ ಫಾರ್ಮುಲಾ ತ್ರೀ ಸರಣಿಗೆ ಸೇರಿದರು. ಫಾರ್ಮುಲಾ ಒನ್‌ಗೆ ಹೋಗುವವರು ಆಗ ಹಾದುಹೋಗುತ್ತಿದ್ದ ಹೆಬ್ಬಾಗಿಲು ಅದು. ಕಾರ್ಲಿನ್ ತಂಡದಲ್ಲಿದ್ದ ಅವರು ಮೊದಲ ವರ್ಷ ಹತ್ತು ಸುತ್ತುಗಳಲ್ಲಿ ಮಾತ್ರ ಓಡಿಸಿ, ಕೊನೆಗೆ ಎರಡು ಬಾರಿ ಮೂರನೆಯವರಾದರು. 1999ರಲ್ಲಿ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಎರಡು ಗೆಲುವುಗಳು ಬಂದವು. ಒಟ್ಟಾರೆ ಆರನೆಯ ಸ್ಥಾನ. 2000ದಲ್ಲಿ ಸ್ಟೂವರ್ಟ್ ತಂಡದಲ್ಲಿ ಒಟ್ಟಾರೆ ನಾಲ್ಕನೆಯ ಸ್ಥಾನ. ಅದೇ ವರ್ಷ ಬೆಲ್ಜಿಯಮ್ಮಿನ ಸ್ಪಾ ಮತ್ತು ಕೊರಿಯಾದ ಅಂತರರಾಷ್ಟ್ರೀಯ ಓಟಗಳನ್ನು ಗೆದ್ದರು. ಮಕಾವು ನಗರದ ಇಕ್ಕಟ್ಟಾದ ಬೀದಿಗಳ ಓಟದಲ್ಲಿ ಎಲ್ಲರಿಗಿಂತ ವೇಗವಾಗಿ ಅರ್ಹತೆ ಪಡೆದು ಮುಂಚೂಣಿಯಲ್ಲಿ ನಿಂತರು. ಅತಿ ವೇಗದ ಸುತ್ತೂ ಅವರದೇ ಆಯಿತು. ಅಂತಿಮ ಗೆಲುವು ಮಾತ್ರ ಕೈಗೆ ಬರಲಿಲ್ಲ.

ಇವರೊಡನೆ ಆ ವರ್ಷಗಳಲ್ಲಿ ಸ್ಪರ್ಧಿಸಿದವರು ಯಾರು, ಅವರು ಮುಂದೆ ಏನಾದರು ಎಂಬುದನ್ನು ನೋಡಿದರೆ ಹಿನ್ನಡೆಯ ನಿಜವಾದ ಅಳತೆ ತಿಳಿಯುತ್ತದೆ. 1999ರ ಸರಣಿಯಲ್ಲಿ ಮೂರನೆಯವರಾದ ಜೆನ್ಸನ್ ಬಟನ್ ಮರುವರ್ಷವೇ ವಿಲಿಯಮ್ಸ್ ತಂಡದ ಫಾರ್ಮುಲಾ ಒನ್ ಚಾಲಕರಾದರು. 2009ರಲ್ಲಿ ವಿಶ್ವ ಚಾಂಪಿಯನ್ ಕೂಡ ಆದರು. 2000ದ ಸರಣಿಯಲ್ಲಿ ನರೇನ್ ಅವರಿಗಿಂತ ಒಂದೇ ಸ್ಥಾನ ಮೇಲಿದ್ದ ಜಪಾನಿನ ತಕುಮಾ ಸಾಟೊ 2002ರಲ್ಲಿ ಜೋರ್ಡನ್ ತಂಡ ಸೇರಿದರು. ಆ ವರ್ಷದ ಚಾಂಪಿಯನ್, ಬ್ರೆಜಿಲ್ಲಿನ ಆಂಟೋನಿಯೊ ಪಿಜ್ಜೋನಿಯಾ, 2003ರಲ್ಲಿ ಜಾಗ್ವಾರ್ ತಂಡ ಸೇರಿದರು. ನರೇನ್ ಅವರ ಸರದಿ ಬಂದದ್ದು 2005ರಲ್ಲಿ. ಒಂದೇ ಪಂಕ್ತಿಯಲ್ಲಿ ಕುಳಿತವರಿಗೆ ಎಲೆ ಹಾಕಿ ಬಡಿಸಿ ಆದ ಮೇಲೂ ಇವರು ನಾಲ್ಕೈದು ವರ್ಷ ಬಾಗಿಲಲ್ಲಿ ನಿಂತಿದ್ದರು.

ನಿಂತಿದ್ದರೆಂದರೆ ಕೈಕಟ್ಟಿ ನಿಂತಿದ್ದರೆಂದಲ್ಲ. 2001ರಲ್ಲಿ ಜಪಾನಿನ ಫಾರ್ಮುಲಾ ನಿಪ್ಪಾನ್ ಸರಣಿಗೆ ಹೋದರು. ಅದೇ ವರ್ಷ ಜೂನ್ 14ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಓಟಪಥದಲ್ಲಿ ಜಾಗ್ವಾರ್ ತಂಡದ ಕಾರನ್ನು ಪರೀಕ್ಷಾರ್ಥವಾಗಿ ಓಡಿಸಿ, ಫಾರ್ಮುಲಾ ಒನ್ ಕಾರಿನಲ್ಲಿ ಕುಳಿತ ಮೊದಲ ಭಾರತೀಯರಾದರು. ಸೆಪ್ಟೆಂಬರಿನಲ್ಲಿ ಜೋರ್ಡನ್ ತಂಡವೂ ಪರೀಕ್ಷೆಗೆ ಕರೆಯಿತು. ಅಕ್ಟೋಬರಿನಲ್ಲಿ ಇಟಲಿಯ ಮುಜೆಲ್ಲೊದಲ್ಲಿ ಆ ತಂಡದ ಅನುಭವಿ ಚಾಲಕ ಜೀನ್ ಅಲೆಸಿ ಅವರ ವೇಗಕ್ಕಿಂತ ಸುಮಾರು ಅರ್ಧ ಸೆಕೆಂಡು ಮಾತ್ರ ಹಿಂದಿದ್ದರು. ಆದರೂ ಆಸನ ದೊರೆಯಲಿಲ್ಲ. 2002 ಮತ್ತು 2003ರಲ್ಲಿ ಯೂರೋಪಿನ ವಿಶ್ವ ಸರಣಿಯಲ್ಲಿ ಸ್ಪರ್ಧಿಸಿ, 2003ರಲ್ಲಿ ಎರಡು ಗೆಲುವುಗಳೊಂದಿಗೆ ನಾಲ್ಕನೆಯವರಾದರು.

ಈ ಘಟ್ಟದಲ್ಲಿ ಅತ್ಯಂತ ಕಹಿಯಾದ ಪ್ರಸಂಗ ನಡೆಯಿತು. ಫಾರ್ಮುಲಾ ಒನ್‌ನ ಮಿನಾರ್ಡಿ ತಂಡ ಇವರನ್ನು ಪರೀಕ್ಷಿಸಿ, 2004ರ ಋತುವಿಗೆ ಆಸನ ಕೊಡಲು ಮುಂದೆ ಬಂದಿತು. ಅದು ಬಡ ತಂಡ. ಚಾಲಕನೇ ಪ್ರಾಯೋಜಕರ ಹಣವನ್ನು ತರಬೇಕಾಗಿತ್ತು. ಆ ಹಣವನ್ನು ಕೂಡಿಸಲು ಆಗಲಿಲ್ಲ. ಹನ್ನೆರಡು ವರ್ಷ ದುಡಿದು ಗಳಿಸಿದ ಅವಕಾಶ, ತೆರೆದ ಬಾಗಿಲು, ಹಣವಿಲ್ಲದೆ ಮುಚ್ಚಿಹೋಯಿತು. ವೇಗ ಸಾಲದು ಎಂದು ಯಾರೂ ಹೇಳಿರಲಿಲ್ಲ. ನೂರು ಕೋಟಿ ಜನರ ದೇಶದಲ್ಲಿ ಈ ಕ್ರೀಡೆಗೆ ಹಣ ಹೂಡುವವರು ಆಗ ಬೆರಳೆಣಿಕೆಯಷ್ಟು ಮಂದಿ ಮಾತ್ರ. ಮಾರುಕಟ್ಟೆಯೇ ಇಲ್ಲವೆಂದು ಪ್ರಾಯೋಜಕರು ಹಿಂದೆಗೆದರು. ಭಾರತೀಯ ಚಾಲಕನೇ ಇಲ್ಲದೆ ಮಾರುಕಟ್ಟೆ ಹುಟ್ಟುವುದೂ ಸಾಧ್ಯವಿರಲಿಲ್ಲ. ಈ ವರ್ತುಲವನ್ನು ಯಾರಾದರೊಬ್ಬರು ಮುರಿಯಲೇಬೇಕಾಗಿತ್ತು.

ನರೇನ್ ಮತ್ತೆ ಕೆಳಗಿನ ಸರಣಿಗೆ ಮರಳಿದರು. 2004ರಲ್ಲಿ ವೆಲೆನ್ಸಿಯಾದಲ್ಲಿಯೂ ಮ್ಯಾಗ್ನಿ ಕೂರ್‌ನಲ್ಲಿಯೂ ಗೆದ್ದರು. ಮ್ಯಾಗ್ನಿ ಕೂರ್ ಎಂದರೆ ಹದಿನೈದರ ಹುಡುಗನಾಗಿ ಪಾಠ ಕಲಿತ ವಿನ್‌ಫೀಲ್ಡ್ ಶಾಲೆಯ ನೆಲೆ.

2005: ಒಂದು ಬಾಗಿಲು, ಹಲವು ಪಾಠಗಳು

2005ರ ಫೆಬ್ರವರಿ 1ರಂದು ಜೋರ್ಡನ್ ತಂಡದೊಂದಿಗೆ ಒಪ್ಪಂದವಾದ ಸುದ್ದಿ ಹೊರಬಿದ್ದಿತು. ಟಾಟಾ, ಜೆ.ಕೆ. ಟೈರ್, ಭಾರತ್ ಪೆಟ್ರೋಲಿಯಂ ಮೊದಲಾದ ಭಾರತೀಯ ಸಂಸ್ಥೆಗಳ ಬೆಂಬಲ ಕೊನೆಗೂ ಒಟ್ಟುಗೂಡಿತ್ತು. ಮಾರ್ಚ್ 6ರಂದು ಮೆಲ್ಬರ್ನಿನಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ, ನರೇನ್ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕರಾಗಿ ಓಟ ಆರಂಭಿಸಿದರು. ಮಳೆಯ ಅರ್ಹತಾ ಸುತ್ತಿನಲ್ಲಿ ಹನ್ನೆರಡನೆಯವರಾಗಿ, ಓಟದಲ್ಲಿ ಹದಿನೈದನೆಯವರಾಗಿ ಮುಗಿಸಿದರು.

ಬಾಗಿಲು ತೆರೆದ ಹೊತ್ತಿಗೆ ಮನೆ ಶಿಥಿಲವಾಗಿತ್ತು. ಒಂದು ಕಾಲದಲ್ಲಿ ಓಟಗಳನ್ನು ಗೆದ್ದಿದ್ದ ಜೋರ್ಡನ್ ತಂಡ ಆ ವರ್ಷದ ಆರಂಭದಲ್ಲಿಯೇ ಬೇರೆಯವರಿಗೆ ಮಾರಾಟವಾಗಿತ್ತು. ಆ ಹೆಸರಿನಲ್ಲಿ ಅದು ಓಡಿದ ಕೊನೆಯ ವರ್ಷ ಅದೇ. ಕಾರಿನ ವೇಗ ಹಿಂದಿನ ಸಾಲಿನದು. ಫಾರ್ಮುಲಾ ಒನ್‌ನಲ್ಲಿ ಚಾಲಕನ ಕೌಶಲದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಕಾರು ನಿರ್ಣಾಯಕ. ಆದ್ದರಿಂದ ಇಂತಹ ಕಾರಿನಲ್ಲಿ ಕುಳಿತವನ ಯೋಗ್ಯತೆಯನ್ನು ಅಳೆಯಬೇಕಾದರೆ ಮಳೆಯ ದಿನಗಳನ್ನು ನೋಡಬೇಕು; ಆಗ ಯಂತ್ರಗಳ ನಡುವಣ ಅಂತರ ಕುಗ್ಗಿ ಕೈಯ ಕೆಲಸ ಕಾಣುತ್ತದೆ. ಮೆಲ್ಬರ್ನಿನಲ್ಲಿ ಹನ್ನೆರಡನೆಯ ಸ್ಥಾನ ಬಂದದ್ದು ಅಂತಹ ದಿನ. ಅಕ್ಟೋಬರಿನಲ್ಲಿ ಜಪಾನಿನ ಸುಜುಕಾದಲ್ಲಿ ಹನ್ನೊಂದನೆಯವರಾಗಿ ಅರ್ಹತೆ ಪಡೆದದ್ದೂ ಅಂತಹುದೇ ದಿನ.

ಜನರ ನೆನಪಿನಲ್ಲಿ ಉಳಿದಿರುವುದು ಜೂನ್ 19ರ ಇಂಡಿಯಾನಾಪೊಲಿಸ್ ಓಟ. ಅದರ ವಿವರವನ್ನು ಸರಿಯಾಗಿ ತಿಳಿಯಬೇಕು. ಇಪ್ಪತ್ತು ಕಾರುಗಳಲ್ಲಿ ಹದಿನಾಲ್ಕು ಕಾರುಗಳು ಮಿಶೆಲಿನ್ ಟೈರುಗಳನ್ನೂ ಆರು ಕಾರುಗಳು ಬ್ರಿಜ್‌ಸ್ಟೋನ್ ಟೈರುಗಳನ್ನೂ ಬಳಸುತ್ತಿದ್ದವು. ಆ ಓಟಪಥದ ಕೊನೆಯ ತಿರುವು ಓರೆಯಾಗಿ ಎತ್ತರಿಸಿದ್ದು. ಅಲ್ಲಿ ಅತಿವೇಗದಲ್ಲಿ ಸಾಗುವಾಗ ಟೈರಿನ ಮೇಲೆ ಅಪಾರ ಒತ್ತಡ ಬೀಳುತ್ತದೆ. ಶುಕ್ರವಾರದ ಅಭ್ಯಾಸದಲ್ಲಿ ರಾಲ್ಫ್ ಶೂಮಾಕರ್ ಅವರ ಕಾರು ಟೈರು ಕೆಟ್ಟು ಗೋಡೆಗೆ ಅಪ್ಪಳಿಸಿತು. ತನ್ನ ಟೈರುಗಳು ಆ ತಿರುವಿನಲ್ಲಿ ಸುರಕ್ಷಿತವೆಂದು ಹೇಳಲಾರೆನೆಂದು ಮಿಶೆಲಿನ್ ತಿಳಿಸಿತು. ತಿರುವಿನ ವೇಗ ತಗ್ಗಿಸಲು ಅಡ್ಡ ಏರ್ಪಾಡು ಮಾಡಬೇಕೆಂಬ ಸಲಹೆ ಒಪ್ಪಿಗೆಯಾಗಲಿಲ್ಲ. ಓಟದ ದಿನ ಎಲ್ಲ ಇಪ್ಪತ್ತು ಕಾರುಗಳೂ ಸಿದ್ಧತಾ ಸುತ್ತಿಗೆ ಹೊರಟವು; ಸುತ್ತು ಮುಗಿಯುತ್ತಿದ್ದಂತೆ ಹದಿನಾಲ್ಕು ಕಾರುಗಳು ಒಳಗೆ ತಿರುಗಿ ನಿಂತುಬಿಟ್ಟವು. ಉಳಿದವು ಫೆರಾರಿ, ಜೋರ್ಡನ್, ಮಿನಾರ್ಡಿ ತಂಡಗಳ ತಲಾ ಎರಡು ಕಾರುಗಳು. ಮೈಕೇಲ್ ಶೂಮಾಕರ್ ಮೊದಲಿಗರಾದರು, ರೂಬೆನ್ಸ್ ಬ್ಯಾರಿಕೆಲೊ ಎರಡನೆಯವರಾದರು, ಜೋರ್ಡನ್ ತಂಡದ ಟಿಯಾಗೊ ಮೊಂಟೇರೊ ಮೂರನೆಯವರಾದರು, ನರೇನ್ ನಾಲ್ಕನೆಯವರಾದರು. ನಾಲ್ಕನೆಯ ಸ್ಥಾನಕ್ಕೆ ಐದು ಅಂಕಗಳು.

ಇದನ್ನು ಅದೃಷ್ಟವೆಂದು ಹೇಳುವವರು ತಪ್ಪು ಹೇಳುತ್ತಿಲ್ಲ. ಆರೇ ಕಾರುಗಳ ಓಟದಲ್ಲಿ ಬಂದ ಅಂಕ ಅದು. ಆದರೆ ಆ ದಿನದ ಅದೃಷ್ಟವನ್ನು ಲೆಕ್ಕಕ್ಕೆ ಹಿಡಿಯುವವರು 2004ರ ದುರದೃಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಂಕಪಟ್ಟಿಯಲ್ಲಿ ಇಂಡಿಯಾನಾಪೊಲಿಸ್ ಇದೆ. ಕೈತಪ್ಪಿದ ಮಿನಾರ್ಡಿ ಆಸನ ಇಲ್ಲ. ಮಕಾವುವಿನ ಮುಂಚೂಣಿಯೂ ಅಲ್ಲಿಲ್ಲ, ಸುಜುಕಾದ ಮಳೆಯೂ ಇಲ್ಲ. ಅಂಕಗಳನ್ನೇ ಚರಿತ್ರೆಯೆಂದು ತಿಳಿದರೆ ಹೀಗೆ ಎರಡು ಕಡೆಯಿಂದಲೂ ಮೋಸಹೋಗುತ್ತೇವೆ.

ಋತುವಿನ ಕೊನೆಯ ಓಟ ಶಾಂಘೈಯಲ್ಲಿ ನಡೆಯಿತು. ಅಲ್ಲಿ ನರೇನ್ ಅವರ ಕಾರು ಗೋಡೆಗೆ ಬಲವಾಗಿ ಬಡಿದು ನಜ್ಜುಗುಜ್ಜಾಯಿತು, ಅವರು ಪಾರಾದರು. ಮರುವರ್ಷ ಆಸನ ಉಳಿಯಲಿಲ್ಲ.

ಹೊರಗುಳಿದ ವರ್ಷಗಳು

2006 ಮತ್ತು 2007ರಲ್ಲಿ ಅವರು ವಿಲಿಯಮ್ಸ್ ತಂಡದ ಪರೀಕ್ಷಾ ಚಾಲಕರಾಗಿದ್ದರು. ಪರೀಕ್ಷಾ ಚಾಲಕನ ಕೆಲಸ ತೆರೆಮರೆಯದು: ಕಾರಿನ ಬಿಡಿಭಾಗಗಳನ್ನೂ ಟೈರುಗಳನ್ನೂ ಪರೀಕ್ಷಿಸಿ ಎಂಜಿನಿಯರುಗಳಿಗೆ ವರದಿ ಕೊಡುವುದು, ಭಾನುವಾರದ ಓಟವನ್ನು ಮಾತ್ರ ಬೇರೆಯವರು ಓಡಿಸುತ್ತಾರೆ. ಆ ಅವಧಿಯಲ್ಲಿಯೇ ರಾಷ್ಟ್ರಗಳ ಹೆಸರಿನಲ್ಲಿ ತಂಡಗಳು ಸ್ಪರ್ಧಿಸುತ್ತಿದ್ದ ಎ1 ಗ್ರ್ಯಾಂಡ್ ಪ್ರಿ ಸರಣಿಯಲ್ಲಿ ಭಾರತದ ಪರವಾಗಿ ಓಡಿಸಿದರು. ಅಲ್ಲಿ ಎಲ್ಲರ ಕಾರೂ ಒಂದೇ ಬಗೆಯದು. 2007ರ ಡಿಸೆಂಬರಿನಲ್ಲಿ ಚೀನಾದ ಝುಹೈಯಲ್ಲಿ ಮುಖ್ಯ ಓಟವನ್ನು ಗೆದ್ದು ಭಾರತಕ್ಕೆ ಆ ಸರಣಿಯ ಮೊದಲ ಜಯ ತಂದರು; 2008ರ ಮೇ ತಿಂಗಳಲ್ಲಿ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಮತ್ತೆ ಗೆದ್ದರು. ಸಮಾನ ಯಂತ್ರ ಕೈಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಈ ಎರಡು ಗೆಲುವುಗಳೇ ಉತ್ತರ.

ವಿಪರ್ಯಾಸವೆಂದರೆ, ಅದೇ 2007ರಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರು ಒಂದು ಫಾರ್ಮುಲಾ ಒನ್ ತಂಡವನ್ನು ಕೊಂಡು ಅದಕ್ಕೆ ‘ಫೋರ್ಸ್ ಇಂಡಿಯಾ’ ಎಂದು ಹೆಸರಿಟ್ಟರು. ಅದು ಬೇರಾವುದೂ ಅಲ್ಲ, ಎರಡು ಸಲ ಹೆಸರೂ ಒಡೆತನವೂ ಬದಲಾಗಿದ್ದ ಅದೇ ಹಳೆಯ ಜೋರ್ಡನ್ ತಂಡ. 2008ರಿಂದ ಒಂದು ದಶಕದ ಕಾಲ ಆ ತಂಡ ಭಾರತದ ಹೆಸರಿನಲ್ಲಿ ಸ್ಪರ್ಧಿಸಿತು. ಆದರೆ ಓಟದಲ್ಲಿ ಭಾರತೀಯ ಚಾಲಕರೊಬ್ಬರನ್ನು ಒಮ್ಮೆಯೂ ಕಣಕ್ಕಿಳಿಸಲಿಲ್ಲ.

2009ರಲ್ಲಿ ಫ್ರಾನ್ಸಿನ ಇಪ್ಪತ್ನಾಲ್ಕು ಗಂಟೆಗಳ ಲೆ ಮಾನ್ ಓಟದಲ್ಲಿ ಆಡಿ ಕಾರನ್ನು ಓಡಿಸುವ ಅವಕಾಶ ಬಂದಿತು. ಓಟ ಆರಂಭವಾಗುವ ಮುನ್ನ ಗೋಡೆಯಿಂದ ಇಳಿಯುವಾಗ ಜಾರಿಬಿದ್ದು ಅವರ ಭುಜದ ಕೀಲು ತಪ್ಪಿತು. ಸಹಚಾಲಕರಿಬ್ಬರೇ ಹಗಲಿರುಳು ಕಾರನ್ನು ಓಡಿಸಿ ಏಳನೆಯ ಸ್ಥಾನದಲ್ಲಿ ಮುಗಿಸಿದರು. ಮುನ್ನೂರು ಕಿಲೋಮೀಟರ್ ವೇಗದಲ್ಲಿ ಪಾರಾದವರು ನೆಲದ ಮೇಲೆ ಕಾಲು ಜಾರಿ ಅವಕಾಶ ಕಳೆದುಕೊಂಡ ಈ ಪ್ರಸಂಗ ಮನಸ್ಸನ್ನು ಕಲಕುವಂತಹುದು. 2010ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷ ಅವರು ಅಮೆರಿಕದ ನ್ಯಾಸ್ಕರ್ ಟ್ರಕ್ ಸರಣಿಯಲ್ಲಿ ಓಡಿಸಿ, ಮೊದಲ ಓಟದಲ್ಲಿ ಹದಿಮೂರನೆಯವರಾದರು. ಆ ಸರಣಿಯ ಅತ್ಯಂತ ಜನಪ್ರಿಯ ಚಾಲಕನೆಂಬ ಮನ್ನಣೆಯೂ ಮತದಾನದ ಮೂಲಕ ದೊರೆಯಿತು.

ತವರಿನ ಓಟ

2011ರಲ್ಲಿ, ಐದು ವರ್ಷಗಳ ಅಂತರದ ನಂತರ, ಸ್ಪೇನಿನ ಎಚ್‌.ಆರ್‌.ಟಿ. ತಂಡದ ಮೂಲಕ ನರೇನ್ ಫಾರ್ಮುಲಾ ಒನ್‌ಗೆ ಮರಳಿದರು. ಅದು ಎಲ್ಲರಿಗಿಂತ ಹಿಂದುಳಿದ ತಂಡ. ಅತಿವೇಗದ ಕಾರು ತೆಗೆದುಕೊಂಡ ಸಮಯದ ಶೇಕಡಾ 107ರೊಳಗೆ ಸುತ್ತು ಮುಗಿಸದಿದ್ದರೆ ಓಟಕ್ಕೆ ಪ್ರವೇಶವಿಲ್ಲವೆಂಬ ನಿಯಮ ಆ ವರ್ಷ ಮರಳಿ ಜಾರಿಗೆ ಬಂದಿತ್ತು. ಮೆಲ್ಬರ್ನಿನ ಮೊದಲ ಓಟದಲ್ಲಿ ಆ ತಂಡದ ಎರಡೂ ಕಾರುಗಳು ಹೊರಗುಳಿದವು. ಎಂಟು ಸುತ್ತುಗಳಾದ ಮೇಲೆ ಇವರ ಆಸನವನ್ನು ಆಸ್ಟ್ರೇಲಿಯಾದ ತರುಣ ಡೇನಿಯಲ್ ರಿಕಾರ್ಡೊ ಅವರಿಗೆ ಕೊಡಲಾಯಿತು.

ಆದರೆ ಆ ವರ್ಷ ಅಕ್ಟೋಬರ್ 30ರಂದು ಗ್ರೇಟರ್ ನೊಯ್ಡಾದ ಬುದ್ಧ ಓಟಪಥದಲ್ಲಿ ಭಾರತದ ಮೊದಲ ಗ್ರ್ಯಾಂಡ್ ಪ್ರಿ ನಡೆಯುವುದಿತ್ತು. ಅದಕ್ಕಾಗಿ ಅವರನ್ನು ಮರಳಿ ಕರೆಯಲಾಯಿತು. ಸಾವಿರಾರು ಭಾರತೀಯರ ಮುಂದೆ, ಭಾರತದ ನೆಲದಲ್ಲಿ, ಭಾರತೀಯನೊಬ್ಬ ಫಾರ್ಮುಲಾ ಒನ್ ಓಟದಲ್ಲಿ ಭಾಗವಹಿಸಿದ ಮೊದಲ ದಿನ ಅದು. ತಿಂಗಳುಗಟ್ಟಲೆ ಓಟವಿಲ್ಲದೆ ಬಂದಿದ್ದರೂ ಅವರು ಹದಿನೇಳನೆಯವರಾಗಿ ಮುಗಿಸಿದರು. ತಮ್ಮ ಜಾಗಕ್ಕೆ ಬಂದಿದ್ದ ರಿಕಾರ್ಡೊ ಅವರಿಗಿಂತ ಒಂದು ಸ್ಥಾನ ಮುಂದೆ. ಅದೇ ರಿಕಾರ್ಡೊ ಮುಂದೆ ಹಲವು ಗ್ರ್ಯಾಂಡ್ ಪ್ರಿಗಳನ್ನು ಗೆದ್ದರು ಎಂಬುದನ್ನು ನೆನೆದರೆ ಆ ಹದಿನೇಳರ ಅರ್ಥ ಬೇರೆಯೇ ಆಗುತ್ತದೆ.

2012ರಲ್ಲಿ ಇಡೀ ಋತುವಿಗೆ ಆಸನ ಸಿಕ್ಕಿತು. ಮಲೇಷ್ಯಾದ ಓಟದಲ್ಲಿ, ಒಂದು ಸುತ್ತು ಮುಂದಿದ್ದ ವಿಶ್ವ ಚಾಂಪಿಯನ್ ಸೆಬಾಸ್ಟಿಯನ್ ವೆಟೆಲ್ ಇವರನ್ನು ದಾಟುವಾಗ ಎರಡು ಕಾರುಗಳು ತಗುಲಿದವು. ವೆಟೆಲ್ ಅವರ ಟೈರು ಸೀಳಿತು. ಚಾಂಪಿಯನ್ ಕಟುವಾದ ಮಾತಾಡಿದರು. ಅಧಿಕಾರಿಗಳು ನರೇನ್ ಅವರಿಗೆ ಇಪ್ಪತ್ತು ಸೆಕೆಂಡುಗಳ ದಂಡ ವಿಧಿಸಿದರು. ವೃತ್ತಿಪರ ಚಾಲಕರು ಹೀಗೆ ಮಾತಾಡಬಾರದೆಂದು ನರೇನ್ ತಮ್ಮ ಅಸಮಾಧಾನವನ್ನು ಮುಚ್ಚಿಡದೆ ಹೇಳಿದರು. ವರ್ಷದ ಕೊನೆಗೆ ತಂಡವೇ ಮುಚ್ಚಿಹೋಯಿತು. ಅಲ್ಲಿಗೆ 46 ಓಟಗಳ ಅವರ ಫಾರ್ಮುಲಾ ಒನ್ ಅಧ್ಯಾಯ ಮುಗಿಯಿತು. ಭಾರತದ ಗ್ರ್ಯಾಂಡ್ ಪ್ರಿಯೂ 2013ರ ನಂತರ ನಡೆಯಲಿಲ್ಲ.

ಸಂಜೆಯ ಬೆಳಕು

ಹೆಚ್ಚಿನವರು ಇಲ್ಲಿಗೆ ಕಥೆ ಮುಗಿಯಿತೆಂದು ಭಾವಿಸುತ್ತಾರೆ. ಆದರೆ ನರೇನ್ 2014ರಿಂದ 2018ರವರೆಗೆ ಜಪಾನಿನ ಸೂಪರ್ ಫಾರ್ಮುಲಾ ಸರಣಿಯಲ್ಲಿ ಸ್ಪರ್ಧಿಸಿದರು. 2001ರಲ್ಲಿ ಬಾಗಿಲು ಮುಚ್ಚಿದಾಗ ಆಸರೆ ಕೊಟ್ಟ ದೇಶವೇ ಮತ್ತೆ ಕೆಲಸ ಕೊಟ್ಟಿತು. 2019ರಲ್ಲಿ ಅಲ್ಲಿನ ಸೂಪರ್ ಜಿ.ಟಿ. ಸರಣಿಗೆ ಹೋದರು. ಆ ವರ್ಷ ನವೆಂಬರ್ 24ರಂದು ಫ್ಯೂಜಿ ಪರ್ವತದ ಬುಡದಲ್ಲಿರುವ ಓಟಪಥದಲ್ಲಿ ಜಪಾನ್ ಮತ್ತು ಜರ್ಮನಿಯ ಸರಣಿಗಳ ಚಾಲಕರು ಜೊತೆಗೂಡಿ ನಡೆಸಿದ ವಿಶೇಷ ಓಟವನ್ನು ಹೋಂಡಾ ಕಾರಿನಲ್ಲಿ ಗೆದ್ದರು. ಆಗ ಅವರಿಗೆ ನಲವತ್ತೆರಡು ವರ್ಷ. ಯಾರ ಹಂಗೂ ಇಲ್ಲದ, ಯಾರೂ ಅದೃಷ್ಟವೆನ್ನಲಾಗದ ಗೆಲುವು ಅದು.

2021ರಲ್ಲಿ ಏಷ್ಯನ್ ಲೆ ಮಾನ್ ಸರಣಿಯಲ್ಲಿ ಸಂಪೂರ್ಣ ಭಾರತೀಯ ಚಾಲಕರ ತಂಡವೊಂದು ಸ್ಪರ್ಧಿಸಿತು. ಅದರಲ್ಲಿ ನರೇನ್ ಅವರ ಜೊತೆಗಿದ್ದವರಲ್ಲಿ ಒಬ್ಬರು ಬೆಂಗಳೂರಿನ ಅರ್ಜುನ್ ಮೈನಿ. ಅರ್ಜುನ್ ಅವರ ತಮ್ಮ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂ ಓಟವೊಂದನ್ನು ಗೆದ್ದರು. 1992ರಲ್ಲಿ ಕೊಯಮತ್ತೂರಿನ ಹುಡುಗನಿಗೆ ದಾರಿ ಕೇಳಲು ಭಾರತದಲ್ಲಿ ಒಬ್ಬರೂ ಇರಲಿಲ್ಲ. ಬೆಂಗಳೂರಿನ ಹುಡುಗರಿಗೆ ಕೇಳಲು ಒಬ್ಬರಿದ್ದರು. ಚರಿತ್ರೆಯಲ್ಲಿ ಮೊದಲಿಗನ ಪಾತ್ರ ಇಷ್ಟೇ. ಇಷ್ಟೇ ಎಂಬುದು ಕಡಿಮೆಯೂ ಅಲ್ಲ.

ಈ ಜೀವನದ ತಿರುವುಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಅವರ ಪ್ರತಿಯೊಂದು ದೊಡ್ಡ ಹಿನ್ನಡೆಯ ಮರುವರ್ಷ ಅವರು ಎಲ್ಲಿದ್ದರು? 2004ರ ಆಸನ ತಪ್ಪಿದಾಗ ಕೆಳಗಿನ ಸರಣಿಯಲ್ಲಿ ಗೆಲ್ಲುತ್ತಿದ್ದರು. ಫಾರ್ಮುಲಾ ಒನ್ ಆಸನ ಹೋದಾಗ ಪರೀಕ್ಷಾ ಚಾಲಕರಾಗಿ ದುಡಿಯುತ್ತಿದ್ದರು. ಭುಜ ತಪ್ಪಿದ ಮರುವರ್ಷ, ಎಂದೂ ಓಡಿಸಿರದ ಟ್ರಕ್ಕಿನಲ್ಲಿ ಕುಳಿತಿದ್ದರು. ಕೆಳಗಿಳಿಯುವುದನ್ನು ಅವರು ಅವಮಾನವೆಂದು ಎಣಿಸಲಿಲ್ಲ. ಓಡಿಸಲು ಎಲ್ಲಿ ಜಾಗವಿದೆಯೋ ಅಲ್ಲಿಗೆ ಹೋದರು. ಅನುಕೂಲಸ್ಥ ಮನೆತನದಲ್ಲಿ ಹುಟ್ಟಿದ್ದು ಅವರಿಗೆ ನೆರವಾಯಿತೆಂಬುದು ನಿಜ. ಅದಿಲ್ಲದಿದ್ದರೆ ಮೊದಲ ಹೆಜ್ಜೆಯೇ ಸಾಧ್ಯವಿರಲಿಲ್ಲ. ಆದರೆ ಮೂವತ್ತು ವರ್ಷದ ಓಟ ಮನೆತನದ ಹಣದಿಂದ ಮಾತ್ರ ನಡೆಯುವಂತಹುದಲ್ಲ.

ನಮ್ಮ ಸಂಘದ ಕುಟುಂಬಗಳ ಮಕ್ಕಳು ಇಂದು ನಾನಾ ಹಾದಿಗಳನ್ನು ಹಿಡಿಯುತ್ತಿದ್ದಾರೆ. ಎಂಜಿನಿಯರಿಂಗ್, ಬ್ಯಾಂಕು, ವ್ಯಾಪಾರಗಳ ಗೊತ್ತಿರುವ ದಾರಿಯನ್ನು ಬಿಟ್ಟು ಗೊತ್ತಿಲ್ಲದ ದಾರಿಗೆ ಮಗನೋ ಮಗಳೋ ಹೊರಟಾಗ ಹೆತ್ತವರಿಗೆ ಭಯವಾಗುವುದು ಸಹಜ. ಆ ಭಯವನ್ನು ಈ ಚರಿತ್ರೆ ಹೋಗಲಾಡಿಸುವುದಿಲ್ಲ. ಗೊತ್ತಿಲ್ಲದ ದಾರಿಯಲ್ಲಿ ನಷ್ಟವೂ ನಿಜವೇ. ನೂಲಿನ ಎಳೆ ಕಡಿಯುವುದು ಮಗ್ಗದ ಮುಂದೆ ಕುಳಿತವರಿಗೆ ಹೊಸತಲ್ಲ. ಕಡಿದ ಎಳೆಯನ್ನು ಹುಡುಕಿ, ಗಂಟು ಹಾಕಿ, ನೇಯ್ಗೆಯನ್ನು ಮುಂದುವರಿಸುವುದೇ ನಮ್ಮ ಹಿರಿಯರ ಕಸುಬಾಗಿತ್ತು. ನಮ್ಮ ಊರಿನ ಈ ಚಾಲಕರೂ ಅದನ್ನೇ ಮಾಡಿದರು. ಅವರ ಐದು ಅಂಕಗಳನ್ನು ಎಣಿಸುವ ಮೊದಲು ಆ ಗಂಟುಗಳನ್ನು ಎಣಿಸುವುದು ಉಚಿತ.